ನಮ್ಮ ಪರವಾದ ತಪ್ಪು

ಹೋದ ದಸರೆಯ ರಜಕ್ಕೆ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳು ಒಂದು ಸಂಜೆ ಕಾಫಿಯ ಲೋಟವನ್ನು ನನ್ನ ಮುಂದಿಟ್ಟು, "ತಾತ, ನೀವು ವಿಶ್ವಕೋಶ ಸೇರಿದ್ದೀರಿ, ಗೊತ್ತೆ?" ಎಂದು ಕೇಳಿದಳು. ಗೊತ್ತಿರಲಿಲ್ಲ. ಅವಳು ಕೈಯಲ್ಲಿದ್ದ ಫೋನನ್ನು ನನ್ನ ಕನ್ನಡಕದ ಅಳತೆಗೆ ಹಿಡಿದು ತೋರಿಸಿದಳು. ಅಂತರ್ಜಾಲದ ಒಂದು ವಿಶ್ವಕೋಶದಲ್ಲಿ ನನ್ನ ಹೆಸರಿನ ಒಂದು ಪುಟ. ಅದರಲ್ಲಿ ಹನ್ನೊಂದು ಸಾಲು. ಬರೆದವರು ಯಾರೋ ತಿಳಿಯದು. ಎಪ್ಪತ್ತು ದಾಟಿದ, ನಾಲ್ಕಾರು ಪುಸ್ತಕ ಬರೆದು ಮರೆಯಾದ ಮೇಷ್ಟರೊಬ್ಬನನ್ನು ನೆನೆದು ಹನ್ನೊಂದು ಸಾಲು ಬರೆದ ಆ ಪುಣ್ಯಾತ್ಮರಿಗೆ ಮನಸ್ಸಿನಲ್ಲೇ ನಮಸ್ಕರಿಸಿದೆ. ಆಮೇಲೆ ಅದನ್ನು ನಾಲ್ಕು ಸಲ ಓದಿದೆ. ಕಾಫಿ ಆರಿತು.

ಹನ್ನೊಂದು ಸಾಲಿನಲ್ಲಿ ಮೂರು ತಪ್ಪುಗಳಿದ್ದುವು. ಹುಟ್ಟಿದ ವರ್ಷವನ್ನು ಮೂರು ವರ್ಷ ಹಿಂದಕ್ಕೆ ತಳ್ಳಿದ್ದರು. ನನಗೆ ಇರುವ ವಯಸ್ಸು ಸಾಲದೆಂದು ಅವರಿಗೆ ತೋರಿರಬೇಕು. ಎರಡು ವರ್ಷ ಗ್ರಂಥಾಲಯಗಳ ದೂಳು ಕುಡಿದು ನಾನು ಸ್ವತಂತ್ರವಾಗಿ ಬರೆದ ಪುಸ್ತಕವೊಂದನ್ನು ಅನುವಾದವೆಂದು ಕರೆದಿದ್ದರು. ಇದರಿಂದ ನಿಜವಾಗಿ ನೋವಾಯಿತು. ಮೂರನೆಯದು, ಮೂವತ್ತೆಂಟು ವರ್ಷದ ಹಿಂದೆ ಅಚ್ಚಾದ ನಮ್ಮ ತಾಲ್ಲೂಕಿನ ಶಾಸನಗಳ ಸಂಗ್ರಹವೊಂದರ ಮಾತು. ಆ ಶಾಸನಗಳನ್ನು "ಹಳ್ಳಿಹಳ್ಳಿ ತಿರುಗಿ ಸಂಗ್ರಹಿಸಿ ಸಂಪಾದಿಸಿದವರು" ನಾನೆಂದು ಬರೆದಿತ್ತು.

"ತಪ್ಪಿದ್ದರೆ ಹೇಳಿ ತಾತ, ಬರೆದುಕೊಳ್ಳುತ್ತೇನೆ" ಎಂದಳು ಹುಡುಗಿ. ಹುಟ್ಟಿದ ವರ್ಷ ಹೇಳಿದೆ. ಅನುವಾದವಲ್ಲವೆಂದು ಸ್ವಲ್ಪ ಖಾರವಾಗಿಯೇ ಹೇಳಿದೆ. "ಮತ್ತೇನಾದರೂ?" ಎಂದಳು. "ಇಷ್ಟೆ ಕಣಮ್ಮ" ಎಂದೆ.

ಹಳ್ಳಿಹಳ್ಳಿ ತಿರುಗಿದವನು ನಾನಲ್ಲ. ನನ್ನ ಮಿತ್ರರೊಬ್ಬರು, ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಈಗ ಇಲ್ಲದವರು. ಇದನ್ನು ಹೇಳದೆ ಏಕೆ ಬಿಟ್ಟೆನೆಂಬುದು ಈ ಲೇಖನದ ಕೊನೆಗೆ ಬರುವ ಸಂಗತಿ. ಅಷ್ಟರಲ್ಲಿ ಮೊಮ್ಮಗಳು ಇನ್ನೊಂದು ಮಾತು ಹೇಳಿ ನನ್ನನ್ನು ಕೆರಳಿಸಿದಳು: "ಆದರೆ ತಾತ, ಈ ಪುಟವನ್ನು ನೀವು ತಿದ್ದಬಾರದಂತೆ. ನಿಮ್ಮ ಮನೆಯವಳಾದ್ದರಿಂದ ನಾನೂ ತಿದ್ದಬಾರದು. ತಪ್ಪು ಇಂಥದು ಎಂದು ಪುಟದ ಜೊತೆಗಿರುವ ಚರ್ಚೆಯ ಜಾಗದಲ್ಲಿ ಆಧಾರ ಸಹಿತ ಬರೆದಿಟ್ಟರೆ ಬೇರೆ ಯಾರಾದರೂ ನೋಡಿ ತಿದ್ದುತ್ತಾರೆ."

ನನ್ನ ಹುಟ್ಟಿದ ವರ್ಷ ನನಗಿಂತ ಬೇರೆಯವರಿಗೆ ಹೆಚ್ಚು ಗೊತ್ತೆ ಎಂದು ಕೇಳಿದೆ. ಕೇಳಿದ ಮೇಲೆ ಯೋಚನೆಗೆ ಬಿತ್ತು. ಹುಟ್ಟಿದ ದಿನ ನಾನು ಸ್ಥಳದಲ್ಲಿ ಹಾಜರಿದ್ದೆನೆಂಬುದೇನೋ ನಿಜ. ಆದರೆ ಸಾಕ್ಷಿ ಹೇಳುವ ಸ್ಥಿತಿಯಲ್ಲಿರಲಿಲ್ಲ. ನನಗೆ ಗೊತ್ತಿರುವುದು ಅಮ್ಮ ಹೇಳಿದ ಮಾತು, ಶಾಲೆಯ ರಿಜಿಸ್ಟರು. ಎಂದರೆ ನನ್ನ ವಿಷಯದಲ್ಲಿ ನನಗಿರುವುದೂ ಪರರ ಆಧಾರವೇ. ಆ ರಾತ್ರಿ ನಿದ್ರೆ ತಡವಾಗಿ ಬಂತು. ಮರುದಿನದಿಂದ, ತನ್ನ ಚರಿತ್ರೆಯನ್ನು ತಾನೇ ಬರೆದವರ, ತಿದ್ದಿದವರ ಚರಿತ್ರೆಯನ್ನು ಹುಡುಕತೊಡಗಿದೆ.

ಇಂಥ ವಿಶ್ವಕೋಶಗಳಲ್ಲಿ ದೊಡ್ಡದು ವಿಕಿಪೀಡಿಯ. ಅಮೆರಿಕದ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬವರು 2001ರ ಜನವರಿ 15ರಂದು ಅದನ್ನು ಆರಂಭಿಸಿದರು. ಕನ್ನಡದ ವಿಕಿಪೀಡಿಯ 2003ರಲ್ಲಿ ಮೊದಲಾಯಿತು. ಯಾರು ಬೇಕಾದರೂ ಬರೆಯಬಹುದು, ಯಾರು ಬರೆದುದನ್ನು ಯಾರು ಬೇಕಾದರೂ ತಿದ್ದಬಹುದು ಎಂಬುದು ಅದರ ಮೂಲಸೂತ್ರ. ಪ್ರತಿಯೊಂದು ಪುಟದ ಹಿಂದೆಯೂ ಅದರ ಬದಲಾವಣೆಗಳ ಇತಿಹಾಸ ಉಳಿದಿರುತ್ತದೆ. ಯಾವ ದಿನ ಯಾವ ಗಳಿಗೆಯಲ್ಲಿ ಯಾವ ಪದ ಹೋಗಿ ಯಾವ ಪದ ಬಂತೆಂದು ನೋಡಬಹುದು.

ಅಚ್ಚಿನ ಕಾಲದವರಾದ ನಮಗೆ ಇದು ಸೋಜಿಗ. 1768ರಲ್ಲಿ ಎಡಿನ್‌ಬರೋ ನಗರದಲ್ಲಿ ಬ್ರಿಟಾನಿಕ ವಿಶ್ವಕೋಶ ಕಂತುಕಂತಾಗಿ ಹೊರಬರಲು ತೊಡಗಿದಂದಿನಿಂದ ಅಚ್ಚಿನಲ್ಲಿ ತಪ್ಪಾದರೆ ಮುಂದಿನ ಮುದ್ರಣದವರೆಗೆ ಕಾಯಬೇಕಾಗಿತ್ತು. ನಮ್ಮ ಆರ್. ನರಸಿಂಹಾಚಾರ್ಯರ 'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ ಹೊರಬಂದದ್ದು 1907ರಲ್ಲಿ. ಅದರ ಪರಿಷ್ಕೃತ ಮುದ್ರಣ 1924ರಲ್ಲಿ. ನಡುವೆ ಹದಿನೇಳು ವರ್ಷ. ಆದರೆ ಅಲ್ಲಿ ಒಂದು ಅನುಕೂಲವಿತ್ತು: ಕವಿಚರಿತೆಯ ಕವಿಗಳು ಯಾರೂ ಬಂದು ಆಚಾರ್ಯರ ಬಾಗಿಲು ತಟ್ಟಿ, "ಸ್ವಾಮಿ, ನನ್ನ ಕಾವ್ಯದ ಮೇಲೆ ಇನ್ನೆರಡು ಒಳ್ಳೆಯ ಮಾತು ಬರೆಯಿರಿ" ಎನ್ನುವಂತಿರಲಿಲ್ಲ. ಬದುಕಿರುವವರ ಚರಿತ್ರೆಯಲ್ಲಿ ಆ ರಕ್ಷಣೆ ಇಲ್ಲ. ಆದುದರಿಂದಲೇ ವಿಕಿಪೀಡಿಯದವರು ತಮ್ಮ ಕುರಿತ ಪುಟವನ್ನು ತಾವೇ ಬರೆಯುವುದು, ತಿದ್ದುವುದು ಕೂಡದೆಂದು ಬಲವಾಗಿ ಬುದ್ಧಿ ಹೇಳುತ್ತಾರೆ. ಯಾರೋ ಕಿಡಿಗೇಡಿ ಬರೆದ ಸ್ಪಷ್ಟವಾದ ಮಾನಹಾನಿಯನ್ನು ಅಳಿಸಬಹುದು; ಉಳಿದುದನ್ನು ಆಧಾರ ತೋರಿಸಿ ಪರರ ವಿವೇಚನೆಗೆ ಬಿಡಬೇಕು.

ಈ ನಿಯಮ ಹೊಸದು. ಅದರ ಹಿಂದಿನ ಅನುಭವ ಬಹಳ ಹಳೆಯದು. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ ಮೇಗುತಿ ದೇವಾಲಯದ ಗೋಡೆಯ ಮೇಲೆ ಶಕ 556ರ, ಎಂದರೆ ಕ್ರಿ. ಶ. 634ರ ಸುಮಾರಿನ ಶಾಸನವಿದೆ. ಇಮ್ಮಡಿ ಪುಲಕೇಶಿಯ ವಿಜಯಗಳನ್ನು ಹೇಳುವ ಈ ಶಾಸನವನ್ನು ರಚಿಸಿದವನು, ಆ ಜಿನಾಲಯವನ್ನು ಕಟ್ಟಿಸಿದವನು ರವಿಕೀರ್ತಿ. ಕೊನೆಗೆ ತನ್ನ ಮಾತು ಬಂದಾಗ ಆತ ಸಂಕೋಚಪಡಲಿಲ್ಲ. ಕವಿತೆಯಲ್ಲಿ ಕಾಳಿದಾಸ ಭಾರವಿಗಳ ಕೀರ್ತಿಯನ್ನು ಪಡೆದವನೆಂದು ತನ್ನನ್ನು ಕುರಿತು ತಾನೇ ಕಲ್ಲಿನಲ್ಲಿ ಕಡೆಯಿಸಿದ. ಮುಂದಿನವರು ಆ ಸಾಲನ್ನು ಏನು ಮಾಡಿದರು ನೋಡಿ. ರವಿಕೀರ್ತಿ ಕಾಳಿದಾಸನ ಸಮಾನನೆಂದು ಯಾವ ಸಾಹಿತ್ಯ ಚರಿತ್ರೆಕಾರನೂ ಅದರಿಂದ ತೀರ್ಮಾನಿಸಲಿಲ್ಲ. ಆದರೆ ಕಾಳಿದಾಸ ಭಾರವಿಗಳು 634ರ ಹೊತ್ತಿಗಾಗಲೇ ದಕ್ಷಿಣದಲ್ಲಿ ಪ್ರಸಿದ್ಧರಾಗಿದ್ದರೆಂಬುದಕ್ಕೆ ಅದೇ ಸಾಲು ಅಮೂಲ್ಯವಾದ ಆಧಾರವಾಯಿತು. ತನ್ನ ಬಗ್ಗೆ ಹೇಳಿಕೊಂಡದ್ದು ಒಪ್ಪಿಗೆಯಾಗಲಿಲ್ಲ. ಹೇಳುವ ಭರದಲ್ಲಿ ಇತರರ ಬಗ್ಗೆ ಹೇಳಿದ್ದು ಚರಿತ್ರೆಯಾಯಿತು. ರವಿಕೀರ್ತಿ ದೊಡ್ಡ ಕವಿಯೇ ಹೌದು; ಆದರೆ ಅದನ್ನು ನಾವು ತಿಳಿದದ್ದು ಅವನ ಪದ್ಯಗಳಿಂದ, ಅವನ ಪ್ರಮಾಣಪತ್ರದಿಂದಲ್ಲ.

ರವಿಕೀರ್ತಿಯಲ್ಲಿ ಒಂದು ದೊಡ್ಡ ಗುಣವಿತ್ತು. ಹೊಗಳಿಕೆಯ ಕೆಳಗೆ ತನ್ನ ಹೆಸರನ್ನು ಹಾಕಿದ. ಅಷ್ಟು ಧೈರ್ಯ ಇಲ್ಲದವರೂ ಇದ್ದಾರೆ. ಅಮೆರಿಕದ ಮಹಾಕವಿ ವಾಲ್ಟ್ ವಿಟ್ಮನ್ 1855ರಲ್ಲಿ ತನ್ನ 'ಲೀವ್ಸ್ ಆಫ್ ಗ್ರಾಸ್' ಕವನಸಂಗ್ರಹವನ್ನು ಪ್ರಕಟಿಸಿದಾಗ, ಹೆಸರಿಲ್ಲದೆ ಪತ್ರಿಕೆಗಳಲ್ಲಿ ಅದರ ವಿಮರ್ಶೆಗಳನ್ನು ತಾನೇ ಬರೆದ. ಒಂದಲ್ಲ, ಮೂರು. ವಿಮರ್ಶಕನಿಗೆ ಪುಸ್ತಕ ಬಹಳ ಹಿಡಿಸಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಇಂಗ್ಲೆಂಡಿನ ಕಾದಂಬರಿಕಾರ ಥಾಮಸ್ ಹಾರ್ಡಿಯ ಕಥೆ ಇನ್ನೂ ನಯವಾದದ್ದು. 1928ರ ಜನವರಿಯಲ್ಲಿ ಆತ ತೀರಿಕೊಂಡ. ಅದೇ ವರ್ಷ ಒಂದು, 1930ರಲ್ಲಿ ಇನ್ನೊಂದು, ಹೀಗೆ ಎರಡು ಸಂಪುಟಗಳಲ್ಲಿ ಆತನ ಜೀವನಚರಿತ್ರೆ ಹೊರಬಂತು. ಬರೆದವಳು ಆತನ ಎರಡನೆಯ ಹೆಂಡತಿ ಫ್ಲಾರೆನ್ಸ್ ಎಂದು ಪುಸ್ತಕದ ಮೇಲಿತ್ತು. ನಿಜಕ್ಕೂ ಅದರ ಬಹುಭಾಗವನ್ನು ಹಾರ್ಡಿಯೇ ತನ್ನನ್ನು 'ಆತ' ಎಂದು ಕರೆದುಕೊಳ್ಳುತ್ತ ಬರೆದಿಟ್ಟಿದ್ದ. ಹೆಂಡತಿ ಬೆರಳಚ್ಚು ಮಾಡಿದ್ದಳು. ಕೈಬರಹದ ಹಾಳೆಗಳನ್ನು ನಾಶಮಾಡಲಾಗಿತ್ತು. ಪರರು ತನ್ನ ಬಗ್ಗೆ ತಪ್ಪು ಬರೆಯಬಾರದೆಂಬುದು ಹಾರ್ಡಿಯ ಕಳವಳ. ಅದು ಸಹಜವಾದ ಕಳವಳವೇ. ಆದರೆ ಹಾಳೆ ಸುಟ್ಟರೂ ಗುಟ್ಟು ಉಳಿಯಲಿಲ್ಲ. ಇಂದು ಆ ಪುಸ್ತಕವನ್ನು ಓದುವವರು ಪ್ರತಿ ಪುಟದಲ್ಲಿಯೂ, 'ಇಲ್ಲಿ ಏನನ್ನು ಬಿಟ್ಟಿರಬಹುದು?' ಎಂದು ಕೇಳುತ್ತಲೇ ಓದುತ್ತಾರೆ. ಬಹಿರಂಗವಾಗಿ ಆತ್ಮಕಥೆಯೆಂದೇ ಬರೆದಿದ್ದರೆ ಇಷ್ಟು ಸಂಶಯಕ್ಕೆ ಎಡೆಯಿರಲಿಲ್ಲ.

ಇವರೆಲ್ಲರೂ ಹೊಗಳಿಕೆಗಾಗಿ ಅಥವಾ ಮರೆಮಾಚಲು ಲೇಖನಿ ಹಿಡಿದರು. ಆದರೆ ಅನ್ಯಾಯಕ್ಕೆ ಒಳಗಾದವನ ಪಾಡೇನು? ಅವನೂ ಕೈಕಟ್ಟಿ ಕೂಡಬೇಕೆ?

2005ರಲ್ಲಿ ಅಮೆರಿಕದಲ್ಲಿ ಇಂಥದೊಂದು ಪ್ರಸಂಗ ನಡೆಯಿತು. ಜಾನ್ ಸೀಗೆಂತಾಲರ್ ಎಂಬವರು ನ್ಯಾಶ್‌ವಿಲ್ ನಗರದ ಹೆಸರಾಂತ ಪತ್ರಿಕಾ ಸಂಪಾದಕರು. 1960ರ ದಶಕದ ಆದಿಯಲ್ಲಿ ರಾಬರ್ಟ್ ಕೆನಡಿಯವರ ಸಹಾಯಕರಾಗಿದ್ದರು. 1961ರಲ್ಲಿ ಕರಿಯ ಜನರ ಸಮಾನ ಹಕ್ಕಿಗಾಗಿ ಬಸ್ಸುಗಳಲ್ಲಿ ಯಾತ್ರೆ ಹೊರಟವರಿಗೆ ನೆರವಾಗಲು ಹೋಗಿ ಮಾಂಟ್‌ಗಾಮರಿಯಲ್ಲಿ ಗುಂಪಿನಿಂದ ಪೆಟ್ಟು ತಿಂದಿದ್ದರು. 1968ರಲ್ಲಿ ರಾಬರ್ಟ್ ಕೆನಡಿ ಕೊಲೆಯಾದಾಗ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಒಬ್ಬರು. ಇಂಥವರ ವಿಕಿಪೀಡಿಯ ಪುಟದಲ್ಲಿ 2005ರ ಮೇ ತಿಂಗಳಲ್ಲಿ ಯಾರೋ, ಕೆನಡಿ ಸಹೋದರರಿಬ್ಬರ ಕೊಲೆಯಲ್ಲಿಯೂ ಇವರ ಕೈವಾಡವಿದೆಯೆಂಬ ಸಂಶಯವಿತ್ತೆಂದು ಬರೆದರು. ಆ ಮಾತು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಹಾಗೆಯೇ ನಿಂತಿತ್ತು. ಬರೆದವನು ಡೆಲಿವರಿ ಸಂಸ್ಥೆಯೊಂದರ ನೌಕರ. ಜೊತೆಗಾರನನ್ನು ನಗಿಸಲು ಮಾಡಿದ ತಮಾಷೆಯಂತೆ!

ಸೀಗೆಂತಾಲರ್ ಆಗ ಎಪ್ಪತ್ತೆಂಟು ವರ್ಷದವರು. ಅವರು ಗುಟ್ಟಾಗಿ ತನ್ನ ಪುಟದೊಳಗೆ ನುಗ್ಗಿ ಹೊಗಳಿಕೆ ತುಂಬಲಿಲ್ಲ. ಸುಳ್ಳನ್ನು ತೆಗೆಯಿರೆಂದು ಸಂಬಂಧಪಟ್ಟವರನ್ನು ಕೇಳಿದರು. ಆಮೇಲೆ 2005ರ ನವೆಂಬರ್ 29ರ 'ಯುಎಸ್‌ಎ ಟುಡೇ' ಪತ್ರಿಕೆಯಲ್ಲಿ, ತನ್ನ ಹೆಸರು ಹಾಕಿ, ನಡೆದುದನ್ನು ನಡೆದಂತೆ ಬರೆದರು. ಅದರಿಂದ ವಿಶ್ವಕೋಶದ ಪದ್ಧತಿಯೇ ಬದಲಾಯಿತು. ನೋಂದಾಯಿಸಿಕೊಳ್ಳದವರು ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೊಸ ಪುಟ ತೆರೆಯುವುದನ್ನು ಆ ಡಿಸೆಂಬರಿನಲ್ಲಿ ತಡೆದರು. ಬದುಕಿರುವವರ ಚರಿತ್ರೆಗೆ ಪ್ರತ್ಯೇಕವಾದ ಬಿಗಿ ನಿಯಮಗಳು ಬಂದುವು. ಅಪರಾಧಿ ಕ್ಷಮೆ ಕೇಳಿ ಕೆಲಸ ಬಿಟ್ಟಾಗ, ಅವನನ್ನು ಮತ್ತೆ ಸೇರಿಸಿಕೊಳ್ಳಿರೆಂದು ಅವನ ಯಜಮಾನರಿಗೆ ಹೇಳಿದವರೂ ಸೀಗೆಂತಾಲರ್ ಅವರೇ. ಹೆಸರಿಗೆ ಹತ್ತಿದ ಮಸಿಯನ್ನು ಹೀಗೂ ತೊಳೆದುಕೊಳ್ಳಬಹುದು.

ವಿನೋದವೆಂದರೆ, ಅದೇ ಡಿಸೆಂಬರಿನಲ್ಲಿ ಇನ್ನೊಂದು ಸಂಗತಿ ಬಯಲಾಯಿತು. ವಿಶ್ವಕೋಶದ ಸ್ಥಾಪಕರಾದ ವೇಲ್ಸ್ ಸ್ವತಃ ತಮ್ಮ ಪುಟವನ್ನು ಹದಿನೆಂಟು ಸಲ ತಿದ್ದಿದ್ದರು! ಸ್ಯಾಂಗರ್ ಅವರನ್ನು ಸಹಸ್ಥಾಪಕರೆಂದು ಕರೆದ ಮಾತನ್ನು ಒಂದಕ್ಕಿಂತ ಹೆಚ್ಚು ಸಲ ತೆಗೆದುಹಾಕಿದ್ದರು. ಸಿಕ್ಕಿಬಿದ್ದದ್ದು ಅವರೇ ಕಟ್ಟಿದ ಬದಲಾವಣೆಗಳ ಇತಿಹಾಸದಲ್ಲಿ. ಹಾಗೆ ಮಾಡಬಾರದಾಗಿತ್ತೆಂದು ಅವರು ಒಪ್ಪಿಕೊಂಡರು. ನಿಯಮ ಮಾಡಿದವನನ್ನೂ ಬಿಡದ ಚಪಲವಿದು. ಗಮನಿಸಬೇಕಾದ ಅಂಶ ಇನ್ನೊಂದಿದೆ: ಅವರ ಕೈ ಹೋದದ್ದು ಮತ್ತೊಬ್ಬನ ಪಾಲಿನ ಕಡೆಗೆ. ಇದನ್ನು ಓದಿದಾಗ ನನಗೆ ನಮ್ಮ ಶಾಸನದ ಪುಸ್ತಕ ನೆನಪಾಗಿ, ಕುರ್ಚಿಯಲ್ಲಿ ಸ್ವಲ್ಪ ಸರಿದು ಕುಳಿತೆ.

ಇನ್ನೂ ಜಟಿಲವಾದದ್ದು ಫಿಲಿಪ್ ರಾತ್ ಅವರ ಮೊಕದ್ದಮೆ. ಅಮೆರಿಕದ ಈ ಕಾದಂಬರಿಕಾರರು 2000ದಲ್ಲಿ 'ದಿ ಹ್ಯೂಮನ್ ಸ್ಟೇನ್' ಎಂಬ ಕಾದಂಬರಿಯನ್ನು ಪ್ರಕಟಿಸಿದರು. ತನ್ನ ಕರಿಯ ಮೂಲವನ್ನು ಮುಚ್ಚಿಟ್ಟು ಬಿಳಿಯನಾಗಿ ಬಾಳಿದ ಪ್ರಾಧ್ಯಾಪಕನೊಬ್ಬ ಅದರ ನಾಯಕ. ಆತನಿಗೆ ಮೂಲ ಅನಟೋಲ್ ಬ್ರಾಯಾರ್ಡ್ ಎಂಬ ವಿಮರ್ಶಕನ ಬದುಕು ಎಂದು ಹೇಳಲಾಗಿದೆಯೆಂದು ವಿಕಿಪೀಡಿಯದಲ್ಲಿತ್ತು. ಅಲ್ಲ, ತನ್ನ ಮಿತ್ರ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮೆಲ್ವಿನ್ ಟ್ಯೂಮಿನ್ ಅವರಿಗೆ 1985ರಲ್ಲಿ ನಡೆದ ಒಂದು ಘಟನೆಯೇ ಮೂಲ ಎಂದು ರಾತ್ ತಮ್ಮವರೊಬ್ಬರ ಮೂಲಕ ತಿದ್ದಿಸಲು ಹೋದರು. ತಿದ್ದುಪಡಿ ನಿಲ್ಲಲಿಲ್ಲ. ಕೃತಿಯ ವಿಷಯದಲ್ಲಿ ಕರ್ತೃವಿಗಿಂತ ಹೆಚ್ಚು ತಿಳಿದವರಿಲ್ಲವೆಂಬುದು ಸರಿ, ಆದರೂ ಬೇರೆ ಪ್ರಕಟಿತ ಆಧಾರ ಬೇಕು ಎಂಬ ಅರ್ಥದ ಉತ್ತರ ಬಂತು.

ಎಪ್ಪತ್ತೊಂಬತ್ತು ವರ್ಷದ ರಾತ್ ಅವರಿಗೆ ಸಿಟ್ಟು ಬಂದದ್ದು ಸಹಜ. 2012ರ ಸೆಪ್ಟೆಂಬರಿನಲ್ಲಿ ಅವರು ವಿಕಿಪೀಡಿಯಕ್ಕೆ ಒಂದು ಬಹಿರಂಗ ಪತ್ರವನ್ನು ಬರೆದು 'ನ್ಯೂಯಾರ್ಕರ್' ಪತ್ರಿಕೆಯ ಮೂಲಕ ಪ್ರಕಟಿಸಿದರು. ಪ್ರಕಟವಾದ ಕೂಡಲೇ ಆ ಪತ್ರವೇ ಬೇಕಾದ ಆಧಾರವಾಯಿತು. ವಿಶ್ವಕೋಶದ ಪುಟದಲ್ಲಿ ರಾತ್ ಅವರ ಮಾತು ಸೇರಿತು.

ಮೇಲುನೋಟಕ್ಕೆ ಇದು ಗುಮಾಸ್ತೆಯ ಹಟದಂತೆ ಕಾಣುತ್ತದೆ. ಮನೆಯ ಯಜಮಾನನನ್ನೇ ಬಾಗಿಲಲ್ಲಿ ನಿಲ್ಲಿಸಿ ಗುರುತಿನ ಚೀಟಿ ಕೇಳಿದಂತೆ. ಆದರೆ ಇನ್ನೊಂದು ಮುಖವೂ ಇದೆ. ತನ್ನ ಮನಸ್ಸಿನಲ್ಲಿ ಏನಿತ್ತೆಂಬುದಕ್ಕೆ ರಾತ್ ಅವರೇ ಪ್ರಮಾಣ. ಆದರೆ ಕಾದಂಬರಿ ಬಂದಾಗ ವಿಮರ್ಶಕರು ಬ್ರಾಯಾರ್ಡನನ್ನು ನೆನೆದದ್ದೂ ನಡೆದ ಸಂಗತಿಯೇ. ಅವರ ಊಹೆ ತಪ್ಪಿರಬಹುದು, ಊಹಿಸಿದ್ದು ಸುಳ್ಳಲ್ಲ. ಚರಿತ್ರೆಗೆ ಎರಡೂ ಬೇಕು. ನಮ್ಮ ಬದುಕು ನಮ್ಮದಾದರೂ, ಅದನ್ನು ಜನ ಕಂಡ ಬಗೆ ನಮ್ಮ ಸ್ವತ್ತಲ್ಲ. ತನ್ನ ಬೆನ್ನು ತನಗೆ ಕಾಣದು; ಅದಕ್ಕೆ ಪರರ ಕಣ್ಣೇ ಬೇಕು.

ಇದಕ್ಕೆ ನಮ್ಮ ಸಾಹಿತ್ಯದಲ್ಲಿಯೇ ಒಂದು ಸೊಗಸಾದ ನಿದರ್ಶನವಿದೆ. ಆದಿಕವಿ ಪಂಪ ತನ್ನ ವಂಶವನ್ನೂ ಆಶ್ರಯದಾತ ಅರಿಕೇಸರಿಯನ್ನೂ ತನಗೆ ದೊರೆತ ಧರ್ಮವುರವೆಂಬ ಅಗ್ರಹಾರವನ್ನೂ ತಾನೇ ಹೇಳಿಕೊಂಡಿದ್ದಾನೆ. ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಬಳಿ ಬೆಟ್ಟದ ಬಂಡೆಯ ಮೇಲೆ ಅವನ ತಮ್ಮ ಜಿನವಲ್ಲಭ ಬರೆಯಿಸಿದ ಶಾಸನ ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿದೆ. ಅಣ್ಣ ಕಾವ್ಯದಲ್ಲಿ ಹೇಳಿದ ಅಗ್ರಹಾರದ ಮಾತಿಗೆ ತಮ್ಮನ ಕಲ್ಲು ಸಾಕ್ಷಿ ನುಡಿಯಿತು. ಇವರ ತಾಯಿಯ ಹೆಸರು ಅಬ್ಬಣಬ್ಬೆ ಎಂಬುದೂ ಆ ಕಲ್ಲಿನಿಂದ ತಿಳಿಯಿತು. ಒಬ್ಬನ ಮಾತು ಹೇಳಿಕೆ; ಎರಡನೆಯ ದನಿ ಸೇರಿದಾಗ ಚರಿತ್ರೆ.

ಎರಡನೆಯ ದನಿಯೇ ಇಲ್ಲದಿದ್ದರೆ? ಆಗಲೂ ಒಂದು ಬಗೆಯ ಮಾತಿಗೆ ಹೆಚ್ಚು ಬೆಲೆ ಉಂಟು. ಸತ್ತವನೊಬ್ಬ ತನ್ನ ಹಣಕಾಸಿನ ಹಿತಕ್ಕೆ ವಿರುದ್ಧವಾಗಿ ಹೇಳಿಟ್ಟ ಮಾತನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 32ನೆಯ ಪ್ರಕರಣ ಹೇಳುತ್ತಿತ್ತು. 2024ರ ಜುಲೈಯಿಂದ ಆ ಕಾಯಿದೆಯ ಜಾಗಕ್ಕೆ ಹೊಸದು ಬಂದಿದೆ; ಈ ತತ್ವ ಮಾತ್ರ ಹಾಗೆಯೇ ಉಳಿದಿದೆ. ಕಾರಣ ಸರಳ: ನನಗೆ ಇಷ್ಟು ಬರಬೇಕೆಂದು ಸುಳ್ಳು ಹೇಳುವವರು ಊರಿಗೆ ನೂರು ಜನ, ನಾನು ಇಷ್ಟು ಕೊಡಬೇಕೆಂದು ಸುಳ್ಳು ಹೇಳುವವರು ಸಿಕ್ಕುವುದು ಕಷ್ಟ. ಚರಿತ್ರೆಕಾರರೂ ಆತ್ಮಕಥೆಗಳನ್ನು ಹೀಗೆಯೇ ಓದುತ್ತಾರೆ. ಬರೆದವನಿಗೆ ನಷ್ಟ ತರುವ ಸಾಲಿನ ಹತ್ತಿರ ಬಂದಾಗ ಅವರ ಲೇಖನಿ ಸಂಶಯವನ್ನು ಸ್ವಲ್ಪ ಸಡಿಲಿಸುತ್ತದೆ.

ಹಾಗೆ ತನ್ನ ವಿರುದ್ಧ ತಾನೇ ಬರೆದವರು ಉಂಟೆ? ಒಬ್ಬರಿದ್ದಾರೆ. 1937ರ ನವೆಂಬರಿನಲ್ಲಿ ಕಲ್ಕತ್ತೆಯ 'ಮಾಡರ್ನ್ ರಿವ್ಯೂ' ಪತ್ರಿಕೆಯಲ್ಲಿ 'ರಾಷ್ಟ್ರಪತಿ' ಎಂಬ ಲೇಖನ ಪ್ರಕಟವಾಯಿತು. ಕಾಂಗ್ರೆಸ್ಸಿನ ಅಧ್ಯಕ್ಷರನ್ನು ಆಗ ಹಾಗೆ ಕರೆಯುತ್ತಿದ್ದರು. ಅಧ್ಯಕ್ಷರು ಜವಾಹರಲಾಲ್ ನೆಹರು. ಜನರ ಜಯಕಾರದ ನಡುವೆ ತೇಲುವ ಈ ಮನುಷ್ಯನನ್ನು ಎಚ್ಚರದಿಂದ ನೋಡಿರಿ, ಇವನಲ್ಲಿ ಅಹಂಕಾರವಿದೆ, ಸರ್ವಾಧಿಕಾರಿಯಾಗಬಲ್ಲ ಗುಣಗಳಿವೆ, ಇವನನ್ನು ಮೂರನೆಯ ಸಲ ಅಧ್ಯಕ್ಷನನ್ನಾಗಿ ಮಾಡಬೇಡಿರಿ ಎಂಬುದು ಲೇಖನದ ಸಾರ. ಬರೆದವರ ಹೆಸರು 'ಚಾಣಕ್ಯ' ಎಂದಿತ್ತು. ಆ ಚಾಣಕ್ಯ ಸಾಕ್ಷಾತ್ ನೆಹರು ಅವರೇ ಎಂದು ಲೋಕಕ್ಕೆ ಆಮೇಲೆ ತಿಳಿಯಿತು.

ಇದರಲ್ಲಿಯೂ ಒಂದು ಬಗೆಯ ಸೂಕ್ಷ್ಮವಾದ ಅಭಿಮಾನವಿತ್ತೆಂದು ಹೇಳುವವರು ಹೇಳಬಹುದು. ತನ್ನನ್ನು ಬಯ್ದುಕೊಳ್ಳುವಾಗಲೂ ಮನುಷ್ಯ ತನ್ನನ್ನೇ ನೋಡಿಕೊಳ್ಳುತ್ತಿರುತ್ತಾನೆ. ಅದೂ ನಿಜ. ಆದರೆ ಮರೆಯಲ್ಲಿ ನಿಂತು ತನ್ನನ್ನು ಹೊಗಳಿಕೊಂಡ ವಿಟ್ಮನ್ನನ ಪಕ್ಕದಲ್ಲಿ, ಮರೆಯಲ್ಲಿ ನಿಂತು ತನ್ನ ಮೇಲೆ ತಾನೇ ಎಚ್ಚರಿಕೆ ಕೊಟ್ಟ ಈ ಚಾಣಕ್ಯನನ್ನು ನಿಲ್ಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಜನ ತನ್ನ ಪರವಾಗಿ ಮಾಡುತ್ತಿದ್ದ ತಪ್ಪನ್ನು ನೆಹರು ತಿದ್ದಲು ಹೊರಟಿದ್ದರು. ನಾನು ಹುಡುಕುತ್ತಿದ್ದ ಅಳತೆಗೋಲು ಇಲ್ಲಿ ಸಿಕ್ಕಿತು. ತನ್ನ ಬಗ್ಗೆ ನಿಷ್ಪಕ್ಷಪಾತವಾಗಿ ಬರೆಯಲು ಬರುತ್ತದೆಯೇ ಎಂಬ ಪ್ರಶ್ನೆಗೆ ದೊಡ್ಡ ಮೀಮಾಂಸೆ ಬೇಕಾಗಿಲ್ಲ. ನಮ್ಮನ್ನು ಕಿರಿದು ಮಾಡಿದ ತಪ್ಪನ್ನು ಎಷ್ಟು ಬೇಗ ಹಿಡಿದೆವೋ, ಹಿರಿದು ಮಾಡಿದ ತಪ್ಪನ್ನೂ ಅಷ್ಟೇ ಬೇಗ ಹಿಡಿದೆವೆ? ಅಷ್ಟನ್ನು ಕೇಳಿಕೊಂಡರೆ ಸಾಕು.

ನಾನು ಹಿಡಿಯಲಿಲ್ಲ. ಈಗ ಆ ಮಾತಿಗೆ ಬರುತ್ತೇನೆ.

ನನ್ನ ಮಿತ್ರರು ಭಾನುವಾರ ಬಂದರೆ ಸೈಕಲ್ಲಿಗೆ ನೀರಿನ ಬಿಂದಿಗೆ, ಕುಂಚ, ಮಸಿ, ಕಾಗದದ ಸುರುಳಿ ಕಟ್ಟಿಕೊಂಡು ಹೊರಡುತ್ತಿದ್ದರು. ಹೊಲದ ಬದುವಿನಲ್ಲಿ ಬಿದ್ದ ವೀರಗಲ್ಲು, ಬಟ್ಟೆ ಒಗೆಯುವ ಕಲ್ಲಾಗಿದ್ದ ದಾನಶಾಸನ, ಎಲ್ಲವನ್ನೂ ತೊಳೆದು ಅಚ್ಚು ತೆಗೆದು ಓದಿದವರು ಅವರು. ನಾನು ಮಾಡಿದ್ದು ಕರಡು ತಿದ್ದಿದ್ದು, ಮುನ್ನುಡಿ ಬರೆದದ್ದು, ಪ್ರಕಾಶಕರನ್ನು ಹುಡುಕಿದ್ದು. ಕಾಲೇಜಿನ ಅಧ್ಯಾಪಕರ ಹೆಸರು ಮೇಲಿದ್ದರೆ ಪುಸ್ತಕ ನಾಲ್ಕು ಪ್ರತಿ ಹೆಚ್ಚು ಹೋಗುತ್ತದೆಂದು ಪ್ರಕಾಶಕರು ಹೇಳಿದರು. ಮಿತ್ರರು ನಕ್ಕು ಒಪ್ಪಿದರು. ನಾನು ನಗದೆ ಒಪ್ಪಿದೆ.

ಮೂರನೆಯ ತಪ್ಪನ್ನೂ ತಿದ್ದಿಸಬೇಕೆಂದು ಕಡೆಗೆ ಮನಸ್ಸು ಮಾಡಿ, ಆಧಾರಕ್ಕಾಗಿ ಆ ಪುಸ್ತಕದ ಮುನ್ನುಡಿಯನ್ನು ತೆಗೆದೆ. ಅದರಲ್ಲಿ ಎಲ್ಲವನ್ನೂ ವಿವರವಾಗಿ ಬರೆದಿದ್ದೆನೆಂದು ಅಷ್ಟು ವರ್ಷವೂ ನಂಬಿದ್ದೆ. ಅಲ್ಲಿದ್ದದ್ದು ಇಷ್ಟು: ಶಾಸನಗಳ ಪ್ರತಿ ಮಾಡುವಲ್ಲಿ ಮಿತ್ರರು ನೆರವಾಗಿದ್ದಾರೆ, ಅವರಿಗೆ ಕೃತಜ್ಞತೆ. ವಿಶ್ವಕೋಶಕ್ಕೆ ಬರೆದ ಅಜ್ಞಾತರು ತಪ್ಪು ಮಾಡಿರಲಿಲ್ಲ. ನನ್ನ ಮಾತನ್ನೇ ನಂಬಿ ಬರೆದಿದ್ದರು. ತಪ್ಪಿನ ಮೂಲ ಕರ್ತೃ ನಾನೇ; ಮಾಡಿದ್ದುಣ್ಣೋ ಮಹರಾಯ!

ಅವರ ಮನೆಗೆ ಹೋದೆ. ಅವರ ಶ್ರೀಮತಿಯವರು ತಗಡಿನ ಪೆಟ್ಟಿಗೆಯಿಂದ ಏಳು ನೋಟುಬುಕ್ಕುಗಳನ್ನು ತೆಗೆದು ಜಮಖಾನದ ಮೇಲಿಟ್ಟರು. ಪ್ರತಿಯೊಂದು ಶಾಸನಕ್ಕೂ ತಾರೀಕು, ಕಲ್ಲಿನ ಅಳತೆ, ಅದು ಸಿಕ್ಕ ಜಾಗ, ತೋರಿಸಿದ ರೈತನ ಹೆಸರು. ನಾನು ಏತಕ್ಕೆ ಬಂದೆನೆಂದು ತಡವರಿಸುತ್ತ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪುಸ್ತಕ ಬಂದ ದಿನ ನಿಮ್ಮ ಮುನ್ನುಡಿ ಓದಿ ಅವರು ಏನೂ ಹೇಳಲಿಲ್ಲ ಮೇಷ್ಟ್ರೆ. ಅಚ್ಚು ಚೆನ್ನಾಗಿ ಬಂದಿದೆ ಅಂದರು, ಅಷ್ಟೆ" ಎಂದರು. ಆ ಮಾತಿನ ಮುಂದೆ ನನ್ನ ಹತ್ತಿರ ಯಾವ ಆಧಾರವೂ ಇರಲಿಲ್ಲ.

ಪುಸ್ತಕವನ್ನು ಮರುಮುದ್ರಿಸಲು ಈಗ ಏರ್ಪಾಡಾಗಿದೆ. ಮುಖಪುಟದಲ್ಲಿ ಅವರ ಹೆಸರು ಮಾತ್ರ ಇರುತ್ತದೆ. ನೋಟುಬುಕ್ಕಿನ ಕೆಲವು ಹಾಳೆಗಳ ಚಿತ್ರಗಳೂ, ನನ್ನ ಹಳೆಯ ಮುನ್ನುಡಿಯೂ, ಅದು ಏಕೆ ತಪ್ಪೆಂದು ಹೇಳುವ ಹೊಸ ಮುನ್ನುಡಿಯೂ ಇರುತ್ತವೆ. ಇಲ್ಲಿ ಅವರ ಹೆಸರನ್ನು ನಾನು ಬರೆದಿಲ್ಲವೆಂದು ವಾಚಕರಿಗೆ ಆಕ್ಷೇಪಣೆ ಇರಬಹುದು. ಒಮ್ಮೆ ಅವರ ಕೆಲಸ ನನ್ನ ಹೆಸರಿಗೆ ಅಲಂಕಾರವಾಯಿತು. ಈಗ ಅವರ ಹೆಸರು ನನ್ನ ಲೇಖನಕ್ಕೆ ಅಲಂಕಾರವಾಗುವುದು ಬೇಡ. ಅದು ಮೊದಲು ಬರಬೇಕಾದದ್ದು ಅವರ ಪುಸ್ತಕದ ಮೇಲೆಯೇ.

ಮೊಮ್ಮಗಳು ಮೊನ್ನೆ ನಾನು ಹೇಳಿದಂತೆ ಆ ಪುಟದ ಚರ್ಚೆಯ ಜಾಗದಲ್ಲಿ ಬರೆದಿಟ್ಟಳು. ಬರೆಸುತ್ತಿರುವವನು ಪುಟದ ವ್ಯಕ್ತಿಯೇ, ಬರೆಯುತ್ತಿರುವವಳು ಅವನ ಮೊಮ್ಮಗಳು ಎಂದು ಮೊದಲ ಸಾಲಿನಲ್ಲಿಯೇ ಹೇಳಿದ್ದೇವೆ. ಮೂರು ತಪ್ಪುಗಳನ್ನೂ ತೋರಿಸಿದ್ದೇವೆ. ಮೂರನೆಯದನ್ನು ಮೊದಲು ಇಟ್ಟಿದ್ದೇವೆ. ಅನುವಾದದ ಮಾತನ್ನು ಯಾರೋ ಪುಸ್ತಕ ನೋಡಿ ಆಗಲೇ ತೆಗೆದುಹಾಕಿದ್ದಾರೆ. ಶಾಸನದ ಮಾತು ಹೊಸ ಮುದ್ರಣ ಬರುವವರೆಗೆ ಕಾಯಬೇಕು. ಹುಟ್ಟಿದ ವರ್ಷಕ್ಕೆ ಪ್ರಕಟಿತ ಆಧಾರ ಕೇಳಿದ್ದಾರೆ. ಹುಡುಕೋಣ ತಾತ ಎಂದು ಹುಡುಗಿ ಹೇಳುತ್ತಿದ್ದಾಳೆ. ಅದಕ್ಕೆ ಅವಸರವಿಲ್ಲ. ಮೂರು ವರ್ಷ ಹೆಚ್ಚಿನ ಮುದುಕನಾಗಿರಲು ನನ್ನ ಅಭ್ಯಂತರವೇನೂ ಇಲ್ಲ.